ಕತ್ತರಿಯಕ್ಕನ ರಾತ್ರಿ ಬೂಟು

ಎಚ್ಚರವಾದ ಮೇಲೂ ಕತ್ತರಿಯಕ್ಕ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಸೋಮಾರಿತನಕ್ಕಲ್ಲ, ನೆಲದ ಭಯಕ್ಕೆ. ಮಂಚದ ಅಂಚಿಗೆ ಕೂತು, ಎಡಗಾಲು ಊರಿ, ಬಲಗಾಲನ್ನು ಸ್ನಾನದ ನೀರಿನ ಬಿಸಿ ನೋಡುವವರ ಹಾಗೆ ಮೆಲ್ಲಗೆ ಇಳಿಸುತ್ತಿದ್ದಳು. ಹಿಮ್ಮಡಿ ನೆಲ ಮುಟ್ಟಿತೋ ಇಲ್ಲವೋ, ಯಾರೋ ಕೆಳಗಿನಿಂದ ಮೊಳೆ ಹೊಡೆದ ಹಾಗಾಗುತ್ತಿತ್ತು. ಗೋಡೆ ಹಿಡಿದು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಮೊಳೆ ಅರ್ಧ ಸಡಿಲವಾಗುತ್ತಿತ್ತು. ಕೆಲಸಕ್ಕೆ ಹೊರಡುವ ಹೊತ್ತಿಗೆ ಕುಂಟುವುದನ್ನು ಮುಚ್ಚಿಡುವಷ್ಟು ಸರಿಹೋಗುತ್ತಿತ್ತು. ಮುಚ್ಚಿಡುವುದೇ ಅವಳಿಗೆ ಮುಖ್ಯ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ಅಂಗಾಲಿನ ನೋವು ಹಾಗಲ್ಲ, ಕನ್ನಡಿ ಹಿಡಿದರೂ ಕಾಣುವುದಿಲ್ಲ. ಊತವಿಲ್ಲ, ಗಾಯವಿಲ್ಲ, ಹೇಳಿದರೆ ನಂಬುವವರಿಲ್ಲ.

ಅವಳು ಶಾಲೆಯ ಯೂನಿಫಾರಂ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. ಗುಂಡಿ ಹಾಕುವ ಸಾಲಿನಲ್ಲಿ ಶುರುಮಾಡಿ, ಅಂಚು ಹೊಲಿದು, ತಲೆ ನೆರೆಯತೊಡಗಿದ ಮೇಲೆ ಕಟಿಂಗ್ ಟೇಬಲ್ಲಿನ ಮುಂದೆ ನಿಂತವಳು. ಅಲ್ಲಿ ಉಳಿದವರದೆಲ್ಲ ಕೂತು ಮಾಡುವ ಕೆಲಸ, ಅವಳದೊಂದು ನಿಂತು ಮಾಡುವುದು. ಅದರಲ್ಲೇ ಅವಳ ಮರ್ಯಾದೆಯೂ ಇತ್ತು. ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಕರೆಂಟಿನ ಕಟ್ಟರನ್ನು ಆ ಗೆರೆಯ ಮೇಲೆ ನೂಕಿಕೊಂಡು ಹೋಗಬೇಕು. ಕಟ್ಟರ್ ನೆಟ್ಟಗಿದ್ದರೆ ಮೇಲಿನ ಪದರದ ತೋಳೂ ಕೆಳಗಿನ ಪದರದ ತೋಳೂ ಒಂದೇ ಅಳತೆ. ಕೂದಲೆಳೆಯಷ್ಟು ವಾಲಿದರೂ ಮೇಲಿನದು ಅಣ್ಣನಿಗೆ, ಕೆಳಗಿನದು ತಮ್ಮನಿಗೆ. ಕಟ್ಟರ್ ನೆಟ್ಟಗಿರಬೇಕಾದರೆ ಹಿಡಿದವಳು ನೆಟ್ಟಗೆ ನಿಲ್ಲಬೇಕು. ಬಲಗಾಲು ಊರಲಾರದೆ ಕತ್ತರಿಯಕ್ಕ ತನಗೆ ತಿಳಿಯದ ಹಾಗೆಯೇ ಎಡಕ್ಕೆ ವಾಲತೊಡಗಿದ್ದಳು.

ಮೊದಲು ಕಂಡುಹಿಡಿದವನು ಕಾಲರ್ ಮಾವ. ಕಾಲರ್ ಹೊಲಿಯುತ್ತಾ ಊರಿಗೆಲ್ಲ ಮಾವನಾದವನು, ಬಾಯಿಗೆ ಬೀಗವಿಲ್ಲ.

"ಏನಕ್ಕ, ನಿನ್ನ ಕಡೆ ನೆಲ ಬಿಸಿಯಾಗಿದ್ಯಾ? ಕೊಕ್ಕರೆ ಥರ ಒಂದೇ ಕಾಲಲ್ಲಿ ನಿಂತಿದ್ದೀಯ."

"ನೀನು ಕಾಲರ್ ನೋಡ್ಕೋ. ಕಾಲು ನನ್ನದು," ಎಂದಳು. ನಕ್ಕಳು ಕೂಡ. ನಗುತ್ತಲೇ ಬಲಗಾಲನ್ನೂ ನೆಲಕ್ಕೆ ಊರಿದಳು. ಮಾವನಿಗೆ ಕಂಡದ್ದು ಸಂಜೆಯೊಳಗೆ ಎಲ್ಲರಿಗೂ ಕಾಣುತ್ತದೆ.

ಕಂಡಿತು. ಒಟ್ಟಿಗೆ ಬಂದ ಬಟ್ಟೆಯ ಒಂದು ಲಾಟಿನಲ್ಲಿ ಕೆಳಗಿನ ಪದರದ ತೋಳುಗಳು ಕಿರಿದಾಗಿ ಬಂದು, ಹೊಲಿಯುವವರು ಗೊಣಗಿ, ಮಾತು ಓನರ್ ತನಕ ಹೋಯಿತು. ಅವರು ಬೈಯುವವರಲ್ಲ. ಕಿರಿದಾದ ತೋಳೊಂದನ್ನು ಟೇಬಲ್ಲಿನ ಮೇಲೆ ಹಾಸಿ, ಮಗುವಿನ ಕೆನ್ನೆ ಸವರುವಂತೆ ಸವರಿದರು.

"ನಿಮಗೆ ವಯಸ್ಸಾಯ್ತು ಅಂತ ನಾನು ಹೇಳ್ತಿಲ್ಲ ಅಕ್ಕ. ಬಟ್ಟೆ ಹೇಳ್ತಿದೆ. ಶಾಲೆ ಶುರುವಾಗೋಕೆ ಮುಂಚೆ ಆ ದೊಡ್ಡ ನೀಲಿ ಲಾಟು ಬರುತ್ತೆ. ಅದರಲ್ಲೂ ಹೀಗಾದ್ರೆ ಗುಂಡಿ ಸಾಲಿಗೆ ಬಂದ್ಬಿಡಿ. ಆರಾಮಾಗಿ ಕೂತ್ಕೊಂಡಿರಬಹುದು."

ಆರಾಮಾಗಿ ಅನ್ನುವ ಆ ಮಾತು ಅವಳನ್ನು ಮನೆಯತನಕ ಹಿಂಬಾಲಿಸಿತು. ಕತ್ತರಿ ಕೈಬಿಟ್ಟ ಮೇಲೆ ಅವಳನ್ನು ಕತ್ತರಿಯಕ್ಕ ಎಂದು ಯಾರು ಕರೆಯುತ್ತಾರೆ? ಒಮ್ಮೆ ಬಿಟ್ಟ ಟೇಬಲ್ಲನ್ನು ಯಾರು ವಾಪಸು ಕೊಟ್ಟಾರು?

ಮನೆಯಲ್ಲಿದ್ದವರು ಅತ್ತೆ ಮತ್ತು ಅವಳು. ಗಂಡ ಲಾರಿ ಓಡಿಸುತ್ತಾನೆ, ಮನೆಗಿಂತ ದಾರಿಯಲ್ಲಿರುವುದೇ ಹೆಚ್ಚು. ಅತ್ತೆಯೂ ಹೊಲಿಗೆಯವರೇ. ಬಟ್ಟೆ ಅಂಗಡಿಯೊಂದರ ಬಾಗಿಲಲ್ಲಿ ಮಿಷನ್ ಇಟ್ಟುಕೊಂಡು ಆಲ್ಟರೇಶನ್ ಮಾಡಿದವರು. ಸೊಂಟ ಬಿಗಿಯಾಯಿತು, ಕಂಕುಳು ಹಿಡಿಯುತ್ತಿದೆ ಎಂದು ಬಂದವರನ್ನೆಲ್ಲ ಉಸಿರಾಡುವಂತೆ ಮಾಡಿ ಕಳಿಸಿದವರು. ಬಿಗಿಯಾದದ್ದನ್ನು ಸಡಿಲ ಮಾಡುವುದೇ ಅವರ ವಿದ್ಯೆ.

ಓನರ್ ಮಾತು ಕೇಳಿದ ಮೇಲೆ ಕೊನೆಗೂ ಡಾಕ್ಟರ ಹತ್ತಿರ ಹೋದಳು, ಅತ್ತೆಯೂ ಜೊತೆಗೆ ಬಂದರು. ಆ ಡಾಕ್ಟರಮ್ಮ ಹಿಮ್ಮಡಿ ಒತ್ತಿ ನೋಡಿ, ಸಮಾಧಾನದಿಂದ ವಿವರಿಸಿದರು. "ಅಂಗಾಲಲ್ಲಿ ಹಿಮ್ಮಡಿಯಿಂದ ಬೆರಳಿನ ತನಕ ಒಂದು ಗಟ್ಟಿ ಪಟ್ಟಿ ಇರುತ್ತೆ. ಮಲಗಿದಾಗ ಪಾದ ಕೆಳಕ್ಕೆ ಬಾಗುತ್ತೆ, ಆ ಪಟ್ಟಿ ಕುಗ್ಗಿ ಕೂತಿರುತ್ತೆ. ಬೆಳಗ್ಗೆ ಕಾಲಿಟ್ಟ ಕೂಡಲೇ ಜಗ್ಗುತ್ತೆ. ಮೊಳೆ ಹೊಡೆದ ಹಾಗಾಗೋದು ಅದಕ್ಕೇ." ಆಮೇಲೆ ಬೂಟಿನಂಥದ್ದೊಂದು ತೋರಿಸಿದರು. ಮೀನಖಂಡಕ್ಕೆ ಪಟ್ಟಿ, ಪಾದದ ಮೇಲೆ ಪಟ್ಟಿ, ಇಕ್ಕೆಲದಲ್ಲಿ ಬೆರಳಿನ ತುದಿಯಿಂದ ಮೊಣಕಾಲಿನ ಕಡೆಗೆ ಎಳೆದು ಕಟ್ಟುವ ಎರಡು ಪಟ್ಟಿ. "ನೈಟ್ ಸ್ಪ್ಲಿಂಟ್ ಅಂತಾರೆ. ರಾತ್ರಿಯೆಲ್ಲ ಪಾದಾನ ಮೇಲಕ್ಕೆ ಹಿಡಿದಿಡುತ್ತೆ, ಕುಗ್ಗೋಕೆ ಬಿಡಲ್ಲ. ಏಳುವಾಗ ಬಿಚ್ಚಿ, ಅದರಲ್ಲಿ ನಡೀಬೇಡಿ. ಗೋಡೆಗೆ ಕೈಕೊಟ್ಟು ಮೀನಖಂಡ ಎಳೀರಿ. ಬೇಗ ಗುಣ ಕಾಣಲ್ಲ, ವಾರಗಟ್ಟಲೆ ತಾಳ್ಮೆ ಬೇಕು. ಬೆರಳು ಜೋಮು ಹಿಡಿದ್ರೆ ಮಾತ್ರ ಸ್ವಲ್ಪ ಸಡಿಲ ಮಾಡಿ."

ಇಷ್ಟೆಲ್ಲ ಹೇಳಿದ್ದರಲ್ಲಿ ಅತ್ತೆಯ ಕಿವಿಗೆ ಕೊನೆಯ ಮಾತೊಂದೇ ಅಂಟಿಕೊಂಡಿತು.

ಮೊದಮೊದಲು ಆ ರಾತ್ರಿ ಬೂಟು ಮೊಸಳೆಯ ಬಾಯಿಗೆ ಕಾಲು ಕೊಟ್ಟಂತಿತ್ತು. ಮಗ್ಗುಲಾಗಲು ಬಾರದು, ಹೊದಿಕೆ ಸಿಕ್ಕಿಕೊಳ್ಳುತ್ತದೆ. ಕತ್ತರಿಯಕ್ಕ ನಿದ್ದೆಯಲ್ಲೇ ನರಳುತ್ತಿದ್ದಳು. ಆದರೂ ಬೆಳಗಿನ ಮೊಳೆ ಸ್ವಲ್ಪ ಮೊಂಡಾದ ಹಾಗೆ ಕಂಡಿತು. ಪಟ್ಟಿ ಎಳೆದು ಕಟ್ಟುವಾಗ, ನೀಲಿ ಲಾಟು ಬರಲಿ ನೋಡೋಣ ಎಂದುಕೊಳ್ಳುವಷ್ಟು ಧೈರ್ಯ ಬಂತು.

ಆಮೇಲೆ ಒಂದು ದಿನ ಬೂಟು ತಾನಾಗಿಯೇ ಮೆತ್ತಗಾಯಿತು. ಕಾಲು ಬೇಕಾದ ಕಡೆ ಹೊರಳಿತು, ನಿದ್ದೆ ಬಂತು. ಕಾಲಿಗೆ ಒಗ್ಗಿತು ಅಂದುಕೊಂಡಳು. ಆದರೆ ಮೊಳೆ ಮತ್ತೆ ಚೂಪಾಯಿತು. ಹೇಳಿದ್ದನ್ನೆಲ್ಲ ಮಾಡುತ್ತಿದ್ದೇನೆ, ಆದರೂ ಹೀಗೆ. ಹಾಗಾದರೆ ಇದು ವಾಸಿಯಾಗದ ಕಾಲು. ಕಾರ್ಖಾನೆಯಲ್ಲಿ ಗುಂಡಿ ಸಾಲಿನ ತುದಿಯ ಖಾಲಿ ಕುರ್ಚಿ ಕಣ್ಣಿಗೆ ಬಿದ್ದರೆ ಮುಖ ತಿರುಗಿಸಿಕೊಳ್ಳುತ್ತಿದ್ದಳು. ತಟ್ಟೆಯಲ್ಲಿ ಅನ್ನ ಉಳಿಸಿ ಏಳುತ್ತಿದ್ದಳು. ಅತ್ತೆ ಕೇಳಿದರೆ, "ಏನಿಲ್ಲ, ಸೆಕೆ," ಅನ್ನುತ್ತಿದ್ದಳು.

ರಜೆಯ ದಿನ ಬೂಟಿನ ಒಳಬಟ್ಟೆಯನ್ನು ಒಗೆದು ಹಾಕಲು ಪಟ್ಟಿಗಳನ್ನು ಬಿಚ್ಚಿದಾಗ ಅವಳ ಬೆರಳಿಗೆ ಏನೋ ತಗುಲಿತು. ಬೆಳಕಿಗೆ ಹಿಡಿದಳು. ಪಕ್ಕದ ಎರಡೂ ಪಟ್ಟಿಗಳನ್ನು ನಡುವೆ ಕತ್ತರಿಸಿ, ಯಾರೋ ಬೆರಳುದ್ದದ ಎಲಾಸ್ಟಿಕ್ ಕೂಡಿಸಿದ್ದರು. ಎಷ್ಟು ಚೊಕ್ಕಟ ಕೆಲಸವೆಂದರೆ ಕಂಪನಿಯಿಂದಲೇ ಹಾಗೆ ಬಂದಂತಿತ್ತು. ಆದರೆ ಹೊಲಿಗೆಯ ಕೊನೆಯಲ್ಲಿ ಸೂಜಿಯನ್ನು ಹಿಂದೆ ಮುಂದೆ, ಹಿಂದೆ ಮುಂದೆ ಓಡಿಸಿ ಗಟ್ಟಿಮಾಡುವ ಕೈ ಆ ಮನೆಯಲ್ಲಿ ಒಂದೇ.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದರು. ಕತ್ತರಿಯಕ್ಕ ಪಟ್ಟಿಯನ್ನು ಅವರ ಮುಂದೆ ಹಿಡಿದು ಎಳೆದಳು. ಅದು ಎಳೆದಷ್ಟೂ ಬಂತು.

"ಅತ್ತೆ, ಇದೇನು?"

"ಎಲಾಸ್ಟಿಕ್ಕು. ಒಳ್ಳೇದೇ ಹಾಕಿದ್ದೀನಿ." ಅತ್ತೆ ಚಾಕು ನಿಲ್ಲಿಸಲಿಲ್ಲ. "ರಾತ್ರಿಯೆಲ್ಲ ನರಳ್ತಿದ್ದೆ. ಕೇಳ್ಕೊಂಡು ಹೆಂಗೆ ಮಲಗಲಿ? ಹಿಡೀತಿದೆ ಅಂದ್ರೆ ಬಿಟ್ಟುಕೊಡಬೇಕು. ಸಡಿಲ ಮಾಡಿ ಅಂತ ಆ ಡಾಕ್ಟರಮ್ಮಾನೇ ಹೇಳಿದ್ರಲ್ಲ."

"ಇದು ಲಂಗದ ಸೊಂಟ ಅಲ್ಲ ಅತ್ತೆ. ಹಿಡಿಯೋದೇ ಇದರ ಕೆಲಸ."

ಚಾಕು ನಿಂತಿತು. ಅತ್ತೆ ಪಟ್ಟಿಯನ್ನು ಕೈಗೆ ತೆಗೆದುಕೊಂಡು, ತಾವೇ ಎಳೆದು ನೋಡಿದರು, ಬಿಟ್ಟರು, ಮತ್ತೆ ಎಳೆದರು. ಬಾಗಿದ ಪಾದ ಆ ಎಲಾಸ್ಟಿಕ್ಕನ್ನು ಹೇಗೆ ಜಗ್ಗಿಕೊಂಡು ಹೋಗುತ್ತದೆ ಎಂಬುದು ಅವರ ಕೈಗೆ ತಿಳಿಯಿತು. ಮುಖ ಸಣ್ಣದಾಯಿತು.

"ಹಾಗಾದ್ರೆ ಇಷ್ಟು ದಿನ..."

"ಸುಮ್ಮನೆ ಕಾಲಿಗೆ ಅಂಗಿ ತೊಡಿಸಿ ಮಲಗಿದ ಹಾಗೆ."

ಕೂಗಾಡಬೇಕು ಅನ್ನಿಸಿತು ಅವಳಿಗೆ, ಆದರೆ ತಪ್ಪು ತನ್ನದೂ ಇತ್ತು. ಊರಿನವರ ಹೊಲಿಗೆಯಲ್ಲಿ ಒಂದು ಎಳೆ ತಪ್ಪಿದರೆ ಹಿಡಿಯುವವಳು ತನ್ನ ಕಾಲಿಗೇ ಕಟ್ಟಿಕೊಂಡ ಹೊಲಿಗೆಯನ್ನು ನೋಡಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ. ಇಬ್ಬರೂ ಕಿಟಕಿಯ ಕೆಳಗೆ ಕೂತು ಹೊಲಿಗೆ ಬಿಚ್ಚಿದರು. ಹೊಲಿಯುವಾಗ ಅತ್ತೆಗೆ ಕೈಯೇ ಕಣ್ಣು, ಬಿಚ್ಚಲು ದಾರ ಕಾಣದು, ಅವರು ಪಟ್ಟಿ ಬಿಗಿಹಿಡಿದರು, ಇವಳು ಬಿಚ್ಚಿದಳು.

"ನಿನ್ನ ಟೇಬಲ್ ಹೋದ್ರೆ ನನ್ನಿಂದ ಹೋಯ್ತು ಅಂತ ಆಗುತ್ತಲ್ಲೇ," ಎಂದರು ಅತ್ತೆ. ಅವಳು ಇನ್ನೊಂದು ಹೊಲಿಗೆ ಬಿಚ್ಚಿದಳು. ಟೇಬಲ್ ಹೋಗಲ್ಲ ಅನ್ನಲು ಅವಳಿಗೂ ಧೈರ್ಯವಿರಲಿಲ್ಲ.

ಪಟ್ಟಿಗಳನ್ನು ಮೊದಲಿನಂತೆ ಕೂಡಿಸಿದ ಮೇಲೆ ಕತ್ತರಿಯಕ್ಕ ಇನ್ನೊಂದು ಕೆಲಸ ಮಾಡಿದಳು. ಓನರ್ ಮುಂದೆ ಹೋಗಿ, ತನಗೆ ಹಿಮ್ಮಡಿ ನೋವು ಎಂದು ಬಾಯಿಬಿಟ್ಟು ಹೇಳಿದಳು. ಟೇಬಲ್ಲಿನ ಮುಂದೆ ನಿಲ್ಲುವ ಜಾಗಕ್ಕೆ ದಪ್ಪ ರಬ್ಬರ್ ಹಾಸಬೇಕು, ಪದರಗಳನ್ನು ಕಡಿಮೆ ಹಾಸಿ ಎರಡು ಸಲ ಕತ್ತರಿಸಲು ಬಿಡಬೇಕು ಎಂದು ಕೇಳಿದಳು.

"ಹೊತ್ತು ಜಾಸ್ತಿ ಹಿಡಿಯುತ್ತಲ್ಲ ಅಕ್ಕ."

"ಹಿಡಿಯುತ್ತೆ. ತೋಳು ಬಿಚ್ಚಿ ಮತ್ತೆ ಹೊಲಿಯೋದಕ್ಕಿಂತ ಕಡಿಮೆ."

ಓನರ್ ಹೂಂ ಅಂದರು. ಆ ಹೂಂ ಒಪ್ಪಿಗೆಯೋ, ಬೇರೆಯವರನ್ನು ಹುಡುಕುವ ಯೋಚನೆಯೋ ಅವಳಿಗೆ ತಿಳಿಯಲಿಲ್ಲ. ಮಾರನೆಯ ದಿನ ರಬ್ಬರ್ ಬಂದಿತ್ತು. ಹಾಸಿದವನು ಕಾಲರ್ ಮಾವ. "ನೋಡಕ್ಕ, ನಿನಗೆ ಸಿಂಹಾಸನ ಇಲ್ಲದಿದ್ರೂ ರತ್ನಗಂಬಳಿ ಬಂತು," ಎಂದ.

ನೀಲಿ ಲಾಟು ಬರುವ ಹೊತ್ತಿಗೆ ಬೆಳಗಿನ ಮೊಳೆ ಗುಂಡುಸೂಜಿಯಾಗಿತ್ತು. ಹೋಗಿರಲಿಲ್ಲ. ಅವಳು ಎರಡೂ ಕಾಲಿಗೆ ಸಮ ಭಾರ ಹಾಕಿ ನಿಂತಳು. ಹಿಮ್ಮಡಿ ಚುಚ್ಚಿತು, ಮೈ ಎಡಕ್ಕೆ ಎಳೆಯಿತು, ಅವಳು ಬಿಡಲಿಲ್ಲ. ಕಟ್ಟರ್ ಸದ್ದು ನಿಂತಾಗ ಮಿಷನ್ನುಗಳೂ ಒಂದೊಂದಾಗಿ ನಿಂತವು. ಓನರ್ ಬಂದು ಅಟ್ಟಿಯ ಮೇಲಿನ ತೋಳನ್ನೂ ತೀರಾ ಕೆಳಗಿನ ತೋಳನ್ನೂ ಎಳೆದು, ಒಂದರ ಮೇಲೊಂದು ಹಾಸಿದರು. ಕತ್ತರಿಯಕ್ಕ ಬಟ್ಟೆ ನೋಡಲಾರದೆ ಅವರ ಕೈ ನೋಡುತ್ತಿದ್ದಳು. ಕೈ ಅಂಚಿನ ಉದ್ದಕ್ಕೂ ಹೋಯಿತು, ಎಲ್ಲೂ ನಿಲ್ಲಲಿಲ್ಲ.

"ಉಳಿದದ್ದನ್ನೂ ಹೀಗೇ ಮಾಡಿ," ಎಂದು ಹೊರಟುಹೋದರು.

ಆ ರಾತ್ರಿ ಬೂಟಿನ ಪಟ್ಟಿ ಎಳೆದವರು ಅತ್ತೆ. ಈಗ ಅದು ಅವರದೇ ಕೆಲಸ, ಬೇರೆಯವರಿಗೆ ಬಿಡರು.

"ಬೆರಳು ಜೋಮು ಹಿಡಿದಿದ್ಯಾ?"

"ಇಲ್ಲ ಅತ್ತೆ."

"ಬಿಗಿಯಾಯ್ತಾ?"

"ಆಯ್ತು."

"ಹಾಗಾದ್ರೆ ನರಳ್ಕೋ," ಎಂದು ಅತ್ತೆ ದೀಪ ಆರಿಸಿದರು. ಆದರೂ ಮಲಗುವ ಮುಂಚೆ ಒಮ್ಮೆ ಕೈಯಾಡಿಸಿ ಸೊಸೆಯ ಕಾಲಿನ ಬೆರಳುಗಳು ಬೆಚ್ಚಗಿವೆಯೇ ಎಂದು ನೋಡಿಕೊಂಡರು.