ಪಾವಗಡ ಲೈನ್ ಎಂಗೇಜ್

ಎಪ್ಪತ್ತರ ದಶಕದ ಕೊನೆಯಲ್ಲಿ ಬಿ.ಎಸ್ಸಿ. ಮುಗಿಸಿ, ಮಧುಗಿರಿ ಸೀಮೆಯ ಒಂದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆದೆ. ಕರೆ ಬಂದರೆ ಬೋರ್ಡಿನ ಮೇಲಿನ ಪುಟ್ಟ ಮುಚ್ಚಳ ಟಕ್ಕನೆ ಬೀಳುತ್ತಿತ್ತು. ವೈರನ್ನು ಸಿರಾ, ಕೊರಟಗೆರೆ, ಪಾವಗಡ, ಯಾವ ತೂತಿಗೆ ಸಿಕ್ಕಿಸಿದರೆ ಆ ಊರು ಕಿವಿಗೆ ಬರುತ್ತಿತ್ತು. ಎಷ್ಟೊಂದು ಊರುಗಳು ಆಗ ನನ್ನ ಕೈಯಳತೆಯಲ್ಲಿದ್ದವು!

ಪಾವಗಡದ ಆಪರೇಟರ್ ನನ್ನ ವಯಸ್ಸಿನವಳು, ಮುಖ ನೋಡದ ಗೆಳತಿ. ಮಧ್ಯಾಹ್ನ ಕರೆಗಳು ಕಡಿಮೆಯಾದಾಗ ವೈರು ಸಿಕ್ಕಿಸಿಟ್ಟುಕೊಂಡು ಸಾರು, ಸೀರೆ, ಸಿನಿಮಾ ಎಂದು ಹರಟುತ್ತಿದ್ದೆವು. ನಡುವೆ ಯಾರಾದರೂ ಪಾವಗಡ ಕೇಳಿದರೆ "ಎಂಗೇಜ್" ಎಂದುಬಿಡುವುದು ನಮ್ಮ ರೂಢಿ.

ಅಂಥದೊಂದು ಮಧ್ಯಾಹ್ನ ಮಿಡಿಗೇಶಿಯಿಂದ ಪೋಸ್ಟ್ ಮಾಸ್ಟರ್ ಕರೆದರು. ಕುರಿ ಮೇಯಿಸುತ್ತಿದ್ದ ಹೆಂಗಸಿಗೆ ಹಾವು ಕಚ್ಚಿತ್ತು. ಅಂಚೆ ಕಚೇರಿಯ ಮುಂದೆ ಬಾಡಿಗೆ ಜೀಪು ನಿಂತಿತ್ತು.

"ಹಾವಿನ ಇಂಜೆಕ್ಷನ್ ಯಾವ ಆಸ್ಪತ್ರೇಲೈತೆ ಕೇಳಮ್ಮ. ಜೀಪು ಯಾವ ಕಡಿಕ್ ತಿರುಗಿಸ್ಬೇಕು, ಅಷ್ಟ್ ಹೇಳ್ಬುಡು."

ಯಾವ ಮದ್ದು ಎಷ್ಟಿದೆಯೆಂಬುದು ಆಯಾ ಆಸ್ಪತ್ರೆಯ ಪುಸ್ತಕಕ್ಕೇ ಗೊತ್ತು. ಒಂದೊಂದನ್ನೇ ಕೇಳಿದೆ. ಮಧುಗಿರಿಯಲ್ಲಿ ಹಿಂದಿನ ದಿನವೇ ಮುಗಿದಿತ್ತು. ಸಿರಾದಲ್ಲೂ ಇರಲಿಲ್ಲ. ಪಾವಗಡ ನೋಡಮ್ಮ ಎಂದರು ಪೋಸ್ಟ್ ಮಾಸ್ಟರ್. ನಾಲಿಗೆ ತಾನಾಗಿ "ಎಂಗೇಜ್" ಎಂದಿತು. ಕೊರಟಗೆರೆಯಲ್ಲಿತ್ತು. ಮಿಡಿಗೇಶಿಯಿಂದ ಅದು ಪಾವಗಡಕ್ಕಿಂತ ದೂರ, ದಿಕ್ಕೂ ಬೇರೆ. ಆದರೂ ಅಲ್ಲಿಗೇ ಹೋಗಲು ಹೇಳಿಬಿಟ್ಟೆ. ವೈರು ಕೀಳಲು ಕೈ ಚಾಚಿದಾಗ ಕಂಡಿತು: ಪಾವಗಡದ ತೂತಿನಲ್ಲಿದ್ದದ್ದು ನನ್ನದೇ ಹರಟೆಯ ವೈರು.

ಆ ಕಡೆ ಗೆಳತಿ ಇನ್ನೂ ಕಾಯುತ್ತಿದ್ದಳು. "ಏಮಕ್ಕಾ, ಸಾರು ಇಳ್ಸಕ್ ಹೋಗಿದ್ಯಾ?"

ಆಸ್ಪತ್ರೆ ಕೊಡು ಎಂದಷ್ಟೇ ಹೇಳಲು ನನ್ನಿಂದಾಯಿತು. ಅಲ್ಲಿ ಮದ್ದು ಇತ್ತು.

ತಿರುಗಿ ಮಿಡಿಗೇಶಿಗೆ ಹಾಕಿದಾಗ ಜೀಪು ಹೊರಟಾಗಿತ್ತು. ಪೋಸ್ಟ್ ಮಾಸ್ಟರ್ ರಿಸೀವರನ್ನು ಮೇಜಿನ ಮೇಲಿಟ್ಟು ಓಡಿದರು. "ನಿಲ್ಸ್ರಲಾ" ಎಂಬ ಕೂಗು, ಆಮೇಲೆ ಏನೂ ಇಲ್ಲ. ಆ ಖಾಲಿ ಲೈನು ಈಗಲೂ ಕೆಲವೊಮ್ಮೆ ನನ್ನ ಕಿವಿಯಲ್ಲಿ ಹಾಗೇ ತೆರೆದಿರುತ್ತದೆ. ಈ ಸಲ ಅವರು ವಾಪಸ್ ಬರುವುದಿಲ್ಲವೇನೋ ಎನಿಸುತ್ತದೆ.

ಅವತ್ತು ಏದುಸಿರು ಬಿಡುತ್ತಾ ಬಂದರು. ಜೀಪು ಊರ ಕೊನೆಯಲ್ಲಿ ಟೈರಿಗೆ ಗಾಳಿ ಹಾಕಿಸಲು ನಿಂತಿತ್ತಂತೆ, ಪಾವಗಡಕ್ಕೆ ತಿರುಗಿಸಿದರಂತೆ.

ಆಕೆ ಬದುಕಿದಳು. ವಾರದ ನಂತರ ಪೋಸ್ಟ್ ಮಾಸ್ಟರ್ ಒಂದು ಚೀಲ ಹಸಿ ಕಡಲೆಕಾಯಿ ಹೊತ್ತು ನಮ್ಮಲ್ಲಿಗೆ ಬಂದರು.

"ಎಂಗೇಜಿರೋ ಲೈನು ಬಿಡಿಸ್ಕೊಟ್ಟು ಜೀವ ಉಳಿಸ್ದೆ ಕಣಮ್ಮ."

ಆ ಲೈನು ಹಿಡಿದಿಟ್ಟಿದ್ದವಳು ನಾನೇ ಎನ್ನಬೇಕಿತ್ತು. ಕಾಫಿ ತರಿಸಲೇ ಎಂದು ಕೇಳಿದೆ.