ಅವ್ವ ಹೀರಿಕೊಟ್ಟ ಲಾಳಿ

“ಈಗ ನೀವು ಹೀರಿ. ಆಮೇಲೆ ಬಾಯಿ ತೊಳೆಯೋ ಹಾಗಿಲ್ಲ,” ಎಂದರು ಡಾಕ್ಟರು. ಮನೆಯಿಂದ ತಂದು ಅವ್ವ ಆಗಷ್ಟೇ ಬಾಯಿಟ್ಟು ನೂಲು ಹೀರಿದ್ದ ಲಾಳಿ ನನ್ನ ಕೈಯಲ್ಲಿತ್ತು.

ದೊಡ್ಡಬಳ್ಳಾಪುರದ ನಮ್ಮ ಮಗ್ಗದ ಮನೆಯಲ್ಲಿ ನೇಯುವಾಗ ಅತ್ತಿತ್ತ ಓಡುವ ಲಾಳಿಯ ತೂತಿನಿಂದ ನೂಲನ್ನು ಎಲ್ಲರೂ ಬಾಯಲ್ಲೇ ಹೀರಿ ಎಳೆಯುತ್ತಾರೆ. ಆ ಎಂಜಲಿನಿಂದ ಸಾಯುತ್ತೇನೆಂಬ ಗೀಳು ಹತ್ತಿ, ತುಟಿ ಒಡೆದು ರಕ್ತ ಬರುವವರೆಗೂ ಬಾಯಿ ತೊಳೆಯುತ್ತಿದ್ದೆ. ಬೆಂಗಳೂರಿನ ಆಸ್ಪತ್ರೆಯಲ್ಲಿ, ಹೆದರಿದ್ದನ್ನೇ ಮಾಡಿಸಿ ಭಯ ಇಳಿಸುವ ಒಂದು ವಾರದ ಚಿಕಿತ್ಸೆ. ಅಂದು ನಾಲ್ಕನೆಯ ದಿನ.

“ಇದೇ ಬಾಯಲ್ಲಿ ಅಗಿದು ನಿಂಗೆ ಉಣ್ಸಿದೀನಿ ಕಣೋ,” ಎಂದಳು ಅವ್ವ.

ಕಣ್ಣುಮುಚ್ಚಿ ಹೀರಿದೆ. ಸಾವೇ ನಾಲಿಗೆಗೆ ಅಂಟಿದಂತಾಯಿತು. ನಲ್ಲಿಯತ್ತ ಓಡದಂತೆ ಬೆಂಚನ್ನು ಬಿಗಿಹಿಡಿದು ಕೂತೆ. ಗಂಟೆ ಕಳೆದ ಮೇಲೆ ಭಯ ತಾನಾಗಿಯೇ ಇಳಿಯಿತು.

ಇಂದಿಗೂ ಲಾಳಿ ತುಟಿಗೆ ತಾಕಿದರೆ ಎದೆ ನಡುಗುತ್ತದೆ. ನಡುಗುತ್ತಲೇ ಹೀರುತ್ತೇನೆ. ಎದುರು ಮಗ್ಗದಲ್ಲಿ ಅವ್ವ ನೋಡದವಳಂತೆ ನೋಡುತ್ತಿರುತ್ತಾಳೆ.