ಈ ಬಸ್ಸು ಇವತ್ತು ಬರುವುದಿಲ್ಲ, ಕಾಯಬೇಡಿ

ಕಳೆದ ವರ್ಷ ದೀಪಾವಳಿ ಮುಗಿದ ಮೇಲಿನ ಒಂದು ಸೋಮವಾರ. ಹಬ್ಬಕ್ಕೆಂದು ಹಗರೆಯ ಚಿಕ್ಕಮ್ಮನ ಮನೆಗೆ ಹೋಗಿದ್ದವಳು ಅರಸೀಕೆರೆಗೆ ಹಿಂತಿರುಗಲು ಬೆಳಿಗ್ಗೆಯೇ ಬಸ್ ನಿಲ್ದಾಣಕ್ಕೆ ಬಂದಿದ್ದೆ. ಹಳೇಬೀಡಿಗೆ ಹೋಗಿ ಅಲ್ಲಿ ಬಸ್ಸು ಬದಲಿಸಬೇಕು. ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ. ಮದುವೆ ಮನೆಗೆ ಹೋಗಲಿ, ಆಸ್ಪತ್ರೆಗೆ ಹೋಗಲಿ, ಅದು ನನ್ನ ಜೊತೆಗೇ ಬರುತ್ತದೆ.

ನಾನು ಒಂದು ದೊಡ್ಡ ಕಂಪನಿಯಲ್ಲಿ ಪ್ರೋಗ್ರಾಮರ್. ಯಜಮಾನರು ಅರಸೀಕೆರೆಯಲ್ಲಿ ಮೇಷ್ಟ್ರು, ಹಾಗಾಗಿ ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ಬಸ್ಸು ಎಲ್ಲಿದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಫೋನಿನಲ್ಲಿ ತೋರಿಸುವ ಆ್ಯಪ್ ನಮ್ಮದು. ನಮ್ಮದು ಎನ್ನುವುದು ಬಾಯಿಮಾತಿಗಷ್ಟೇ. ಅದರಲ್ಲಿ ನನ್ನ ಪಾಲಿಗಿರುವುದು ಬಸ್ಸು ರದ್ದಾದಾಗ ಕಾಣುವ ಒಂದು ಪರದೆ ಮಾತ್ರ. ಸಂದರ್ಶನದಲ್ಲಿ, “ನೀವು ಹೊಸದಾಗಿ ಯೋಚನೆ ಮಾಡ್ತೀರಾ?” ಎಂದು ಕೇಳಿದ್ದರು. ಸೇರಿದ ಮೇಲೆ ಯಾರೂ ಕೇಳಿಲ್ಲ. ವರ್ಷಕ್ಕೊಮ್ಮೆ ಹೊಸ ಆಲೋಚನೆಗಳ ದಿನ ಅಂತ ಮಾಡಿ ಟೀ ಶರ್ಟ್ ಕೊಡುತ್ತಾರೆ. ನಮ್ಮ ಮನೆಯಲ್ಲಿ ಅವು ನೆಲ ಒರೆಸುವ ಬಟ್ಟೆಗಳಾಗಿವೆ.

ಆ ಪರದೆಯಲ್ಲಿ ‘ಸೇವೆಯು ತಾತ್ಕಾಲಿಕವಾಗಿ ಲಭ್ಯವಿರುವುದಿಲ್ಲ’ ಎಂದಿತ್ತು. ಓದಿದವರಿಗೆ ಬಸ್ಸು ತಡವೋ, ಬರುವುದೇ ಇಲ್ಲವೋ ತಿಳಿಯದು. ಅದನ್ನು ‘ಈ ಬಸ್ಸು ಇವತ್ತು ಬರುವುದಿಲ್ಲ, ಕಾಯಬೇಡಿ’ ಎಂದು ಬದಲಿಸೋಣ ಎಂದೆ. ಅಷ್ಟಕ್ಕೆ ಭಾಷೆಯ ತಂಡ ಒಪ್ಪಬೇಕು, ವಿನ್ಯಾಸದವರು ಒಪ್ಪಬೇಕು, ಕಾನೂನಿನವರೂ ಒಪ್ಪಬೇಕು. ಕಾನೂನಿನವರು, “ಕಾಯಬೇಡಿ ಅನ್ನೋಕೆ ನಾವ್ಯಾರು?” ಎಂದರಂತೆ. ಮೀಟಿಂಗ್ ಮೇಲೆ ಮೀಟಿಂಗ್ ಆಗಿ ಕೊನೆಗೆ ಬೇಡವೆಂದಾಯಿತು. ನನಗೂ ಸಾಕುಸಾಕಾಗಿತ್ತು. ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಆ್ಯಪಿನ ಪ್ರತಿಯಲ್ಲಿ ಮಾತ್ರ ಆ ಸಾಲು ಹಾಗೇ ಉಳಿದಿತ್ತು.

ಅವತ್ತು ನಿಲ್ದಾಣದಲ್ಲಿ ಏಳೆಂಟು ಜನರಿದ್ದರು. ಕಾಲೇಜಿನ ಹುಡುಗಿಯೊಬ್ಬಳು ಫೋನ್ ನೋಡಿ ಜೋರಾಗಿ ಓದಿದಳು: “ಈ ಬಸ್ಸು ಇವತ್ತು ಬರುವುದಿಲ್ಲ, ಕಾಯಬೇಡಿ.”

ಅದು ನನ್ನದೇ ಸಾಲು. ನಮ್ಮ ತಂಡದ ಯಾರೋ ಪರೀಕ್ಷೆಯ ಪ್ರತಿಯನ್ನೇ ಜನ ಬಳಸುವ ಆ್ಯಪಿಗೆ ಸೇರಿಸಿಬಿಟ್ಟಿದ್ದರು.

“ಪರ್ವಾಗಿಲ್ಲ, ನೆಟ್ಟಗೆ ಹೇಳವ್ರೆ. ಯಾರೋ ಪುಣ್ಯಾತ್ಮರು,” ಎಂದು ಪಂಚೆಯುಟ್ಟ ಹಿರಿಯರೊಬ್ಬರು ಎದ್ದರು. “ನಡೀರಿ, ಆಟೋ ಮಾಡ್ಕೊಂಡು ಹೋಗಾಣ.”

ಎಲ್ಲರೂ ಹೊರಟರು. ಆಟೋದಲ್ಲಿ ನನಗೆ ಜಾಗ ಸಾಲಲಿಲ್ಲ, ಅದಕ್ಕೆ ಬೇಸರವೂ ಆಗಲಿಲ್ಲ. ಇಷ್ಟು ವರ್ಷ ದುಡಿದದ್ದರಲ್ಲಿ ನನ್ನದು ಅನ್ನಿಸುವ ಒಂದು ಸಾಲು ಯಾರಿಗೋ ಉಪಯೋಗಕ್ಕೆ ಬಂದದ್ದನ್ನು ಕಣ್ಣಾರೆ ಕಂಡದ್ದು ಅವತ್ತೇ. ಒಬ್ಬಳೇ ಕೂತು ನಗುತ್ತಿದ್ದೆ.

ಅಷ್ಟರಲ್ಲಿ ನಮ್ಮ ಮ್ಯಾನೇಜರ್ ಕಿರಣ್ ಫೋನ್ ಮಾಡಿದರು.

“ಮೇಡಂ, ನಿಮ್ಮ ಆ ಸಾಲು ಲೈವ್ ಆಗಿದೆ. ಬೇಕಂತಲೇ ಹಾಕಿದ್ರಾ?”

“ಇಲ್ಲ ಸರ್, ಟೆಸ್ಟ್ ಕಾಪಿ ಸೇರಿಹೋಗಿದೆ.”

“ಈಗಲೇ ತೆಗೀರಿ. ಮೇಲಿನವರು ನೋಡಿದ್ರೆ ನಿಮ್ಮ ಕೆಲಸಕ್ಕೇ ಕುತ್ತು ಬರುತ್ತೆ, ನನ್ನದಕ್ಕೂ.”

“ಸರ್, ಇಲ್ಲಿ ಜನ ಅದನ್ನ ಓದಿಕೊಂಡು...”

“ಗೊತ್ತು ಕಣ್ರೀ. ನನಗೂ ಅದೇ ಇಷ್ಟ. ಏನ್ ಮಾಡ್ಲಿ ಹೇಳಿ.” ಅವರ ದನಿಯೂ ದಣಿದಿತ್ತು.

ಕಲ್ಲುಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದೆ. ನನ್ನ ಸಾಲನ್ನು ನಾನೇ ಅಳಿಸಿ ಹಳೆಯದನ್ನು ಹಾಕಿದೆ. ಇಲ್ಲಿ ಒತ್ತಿದರೆ ಸಾಕು, ಎಲ್ಲರ ಫೋನಿನಲ್ಲೂ ಬದಲಾಗುತ್ತದೆ. ಅಳು ಬರಲಿಲ್ಲ, ಕೋಪವೂ ಬರಲಿಲ್ಲ. ಸುಮ್ಮನೆ ಸುಸ್ತಾಯಿತು.

ಬಸ್ಸಿಲ್ಲವೆಂದು ಗೊತ್ತಿದ್ದರೂ ಏಳಲು ಮನಸ್ಸಾಗದೆ ಕೂತಿದ್ದೆ. ಐವತ್ತು ದಾಟಿದ ಹೆಂಗಸೊಬ್ಬರು ಊಟದ ಕ್ಯಾರಿಯರ್ ಹಿಡಿದುಕೊಂಡು ಏದುಸಿರು ಬಿಡುತ್ತಾ ಬಂದರು. ಮಗಳನ್ನು ಹೆರಿಗೆಗೆ ಹಳೇಬೀಡಿನ ಆಸ್ಪತ್ರೆಗೆ ಸೇರಿಸಿದ್ದರಂತೆ. ಫೋನ್ ತೆಗೆದು, ಕಣ್ಣು ಕಿರಿದು ಮಾಡಿಕೊಂಡು ನಿಧಾನವಾಗಿ ಓದಿದರು. ಆಮೇಲೆ ನನ್ನ ಪಕ್ಕದಲ್ಲಿ ಕೂತು ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡರು.

“ತಾತ್ಕಾಲಿಕ ಅಂತ ಐತೆ. ಅಂದ್ರೆ ಒಸಿ ತಡ ಆಯ್ತದೆ, ಅಲ್ವಾ? ಕಾಯ್ತೀನಿ ಬಿಡು.”

ನನಗೆ ತಡೆಯಲಾಗಲಿಲ್ಲ. “ಈ ಬಸ್ಸು ಇವತ್ತು ಬರಲ್ಲ ಅಮ್ಮ. ಕಾಯಬೇಡಿ. ಬನ್ನಿ, ಆಟೋದಲ್ಲಿ ಹೋಗೋಣ,” ಎಂದೆ.

ದಾರಿಯಲ್ಲಿ ಅವರು ಕೇಳಿದರು: “ನಿಂಗೆ ಹೆಂಗವ್ವಾ ಗೊತ್ತಾಯ್ತು? ನನ್ ಫೋನಲ್ಲಿ ಬಂದಿದ್ದೇ ತಾನೇ ನಿನ್ ಫೋನಲ್ಲೂ ಬರೋದು?”

“ಅದನ್ನ ಹಾಕೋಳೇ ನಾನು ಅಮ್ಮ.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೈಯಲಿಲ್ಲ. “ಈಗ ಬಾಯಲ್ಲಿ ಹೇಳ್ದಲ್ಲ, ಅದನ್ನೇ ಬರೀಬಾರ್ದೇನವ್ವಾ?” ಎಂದರು.

ಭಾಷೆಯವರು, ವಿನ್ಯಾಸದವರು, ಕಾನೂನಿನವರು ಎಂದೆಲ್ಲ ಅವರಿಗೆ ಏನಂತ ವಿವರಿಸಲಿ? ಆಸ್ಪತ್ರೆಯ ಮುಂದೆ ಇಳಿಯುವಾಗ ನನ್ನ ಕೈ ಅದುಮಿ, “ನೀನು ಹೇಳ್ದೆ ಇದ್ದಿದ್ರೆ ಅಲ್ಲೇ ಕೂತಿರ್ತಿದ್ದೆ ಕಣವ್ವ, ಒಳ್ಳೇದಾಗ್ಲಿ,” ಎಂದು ಹರಸಿ ಒಳಗೆ ಓಡಿದರು. ಆ ಹಾರೈಕೆ ನೆನಪಾದರೆ ಇವತ್ತಿಗೂ ಸಂಕಟವಾಗುತ್ತದೆ.

ಆ ಪರದೆ ಈಗಲೂ ನನ್ನ ಪಾಲಿಗೇ ಇದೆ, ಸಾಲು ಹಳೆಯದೇ. ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಫೋನಿನಲ್ಲಿ ಆ ಸಾಲು ನೋಡಿ ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದರೆ ಹತ್ತಿರ ಹೋಗಿ, “ಅದು ಇವತ್ತು ಬರಲ್ಲ ಕಣ್ರೀ, ಕಾಯಬೇಡಿ,” ಎನ್ನುತ್ತೇನೆ. ಯಾರ ಒಪ್ಪಿಗೆಯೂ ಇಲ್ಲದೆ ನಾನು ಮಾಡಬಹುದಾದ ಕೆಲಸ ಸದ್ಯಕ್ಕೆ ಅದೊಂದೇ.